ಇಲ್ಲದ ಗುಂಡಿಯ ನಡುಕ

ಯಾವುದನ್ನೂ ಸುಲಭವಾಗಿ ನಂಬಬಾರದು ಎಂದು ವಿಶ್ವವಿದ್ಯಾನಿಲಯದಲ್ಲಿ ನನಗೆ ಎರಡು ವರ್ಷ ಕಲಿಸಿದರು. ಕಲಿಸಿದವರು ಯಾರು ಎಂಬುದು ಮಾತ್ರ ಈಗ ಸರಿಯಾಗಿ ನೆನಪಿಲ್ಲ. ಎತ್ತರದ, ಕನ್ನಡಕ ಹಾಕಿದ ಒಬ್ಬ ಪ್ರಾಧ್ಯಾಪಕರ ಚಿತ್ರ ಮನಸ್ಸಿನಲ್ಲಿತ್ತು. ಒಂದು ಸಲ ಹಳೆಯ ಸಹಪಾಠಿಯೊಬ್ಬ ಸಿಕ್ಕಾಗ ಆ ವಿಷಯ ತೆಗೆದರೆ, "ಅವರು ಗಿಡ್ಡಕ್ಕಿದ್ರಲ್ಲೋ, ಕನ್ನಡಕ ಹಾಕ್ತಿದ್ದೋನು ನೀನು" ಅಂದುಬಿಟ್ಟ. ಅಂದಿನಿಂದ ನನ್ನ ಅನುಮಾನವೆಲ್ಲ ನನ್ನ ನೆನಪಿನ ಮೇಲೆಯೇ ತಿರುಗಿತು. ಬೇರೆಯವರ ಮಾತನ್ನು ಅನುಮಾನಿಸುವವನಿಗೆ ಸಮಾಜದಲ್ಲಿ ಒಂದು ಮರ್ಯಾದೆಯಿದೆ, ವಿಚಾರವಂತ ಅನ್ನುತ್ತಾರೆ. ತನ್ನ ನೆನಪನ್ನೇ ಅನುಮಾನಿಸುವವನಿಗೆ ಅಂಥ ಬಿರುದೇನೂ ಇಲ್ಲ. ಅವನು ಮನೆಗೆ ಬೀಗ ಹಾಕಿ, ಮೂರು ಸಲ ಎಳೆದು ನೋಡಿ, ಬಸ್‌ಸ್ಟಾಪಿನವರೆಗೆ ಹೋಗಿ, ನಾಲ್ಕನೇ ಸಲ ಎಳೆಯುವುದಕ್ಕೆ ವಾಪಸು ಬರುತ್ತಾನೆ. "ಬಿಡ್ರೀ, ಆ ಬೀಗಕ್ಕೂ ನಿಮ್ಮ ಮೇಲೆ ಬೇಜಾರು ಬಂದಿದೆ" ಎಂದು ನನ್ನ ಹೆಂಡತಿ ವಸುಧಾ ಹೇಳುತ್ತಿರುತ್ತಾಳೆ. ಹೇಳುತ್ತಿರುತ್ತಾಳೆ ಎಂದು ನನ್ನ ನೆನಪು. ಅವಳನ್ನು ಕೇಳಿದರೆ ಒಂದೇ ಸಲ ಹೇಳಿದ್ದು ಅನ್ನುತ್ತಾಳೆ.

ಇಂಥವನನ್ನು ಕರೆದು, ಜನರ ಬೆರಳಿಗೆ ಏನನ್ನಿಸುತ್ತದೆ ಎಂದು ಪತ್ತೆ ಮಾಡುವ ಕೆಲಸಕ್ಕೆ ಒಂದು ಕಂಪನಿ ಹಾಕಿಕೊಂಡಿತ್ತು ಅಂದರೆ ನೀವು ನಂಬಲಿಕ್ಕಿಲ್ಲ. ವೈಟ್‌ಫೀಲ್ಡಿನಲ್ಲಿ ಆಚೆ ಈಚೆ ಎರಡು ಗಾಜಿನ ಕಟ್ಟಡಗಳ ನಡುವೆ ಸಿಕ್ಕಿಕೊಂಡಂತಿದ್ದ ಮೂರನೆಯ ಗಾಜಿನ ಕಟ್ಟಡ ನಮ್ಮದು. ಅಲ್ಲಿದ್ದ ಇಂಜಿನಿಯರುಗಳ ನಡುವೆ ಮನಃಶಾಸ್ತ್ರ ಓದಿದವನು ನಾನೊಬ್ಬನೇ. ಅದಕ್ಕೆ ಮುಂಚೆ ಒಂದು ಕಾಲೇಜಿನಲ್ಲಿ ಪಾಠ ಮಾಡಿದ್ದೆ. ಹಾಗಾಗಿ ನಮ್ಮ ಮನೆಯ ಒಡತಿ ಮುನಿರತ್ನಮ್ಮನವರು ನಾನು ಎಷ್ಟೇ ಟೈ ಕಟ್ಟಿಕೊಂಡು ಇಳಿದರೂ "ಏನ್ ಮೇಷ್ಟ್ರೇ" ಎಂದೇ ಕರೆಯುತ್ತಿದ್ದರು.

ಎರಡು ಸಾವಿರದ ಹತ್ತೋ ಹನ್ನೊಂದೋ ಇರಬೇಕು, ಫೋನುಗಳ ಗುಂಡಿಗಳೆಲ್ಲ ಒಂದೊಂದಾಗಿ ಮಾಯವಾಗುತ್ತಿದ್ದ ಕಾಲ. ಈಗಿನವರಿಗೆ ಆ ಗುಂಡಿಗಳ ಸುಖ ಹೇಳಿದರೆ ಅರ್ಥವಾಗುವುದಿಲ್ಲ. ಐದರ ಗುಂಡಿಯ ಮೇಲೆ ಸಣ್ಣದೊಂದು ಮೊಡವೆಯಿರುತ್ತಿತ್ತು. ಹೆಬ್ಬೆರಳು ಆ ಮೊಡವೆ ಸವರಿತೆಂದರೆ ಸಾಕು, ಉಳಿದ ಗುಂಡಿಗಳ ವಿಳಾಸ ಅದಕ್ಕೆ ತಾನಾಗಿಯೇ ಸಿಗುತ್ತಿತ್ತು. ಮಾರತ್ತಹಳ್ಳಿಯ ಬಸ್ಸಿನಲ್ಲಿ ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಬ್ಬರ ಕಂಕುಳಲ್ಲಿ ಮುಖವಿಟ್ಟುಕೊಂಡು, ಜೇಬಿನೊಳಗೇ "ಲೇಟಾಗುತ್ತೆ" ಎಂದು ಹೆಂಡತಿಗೆ ಸಂದೇಶ ಬರೆದು ಕಳಿಸಿದವನು ನಾನು. ಸಂದೇಶ ಹೋದದ್ದು ನಮ್ಮ ಮುಖ್ಯಸ್ಥರಿಗೆ ಎಂಬುದು ಬೇರೆ ವಿಷಯ, ಬರೆದದ್ದಂತೂ ಒಂದಕ್ಷರ ತಪ್ಪಿರಲಿಲ್ಲ. ಆಮೇಲೆ ಗಾಜಿನ ಫೋನು ಬಂತು. ಇಲ್ಲಿ ಗುಂಡಿಯ ಚಿತ್ರವಿದೆ, ಗುಂಡಿಯಿಲ್ಲ. ಮುನಿರತ್ನಮ್ಮನವರ ಮಗ ಅಂಥದ್ದೊಂದು ತಂದು ಅವರ ಕೈಗೆ ಕೊಟ್ಟಾಗ ಎರಡು ನಿಮಿಷ ಬೆರಳಾಡಿಸಿ, "ಇದೇನ್ಲಾ ಇದು, ಕಿಟಕಿ ಒರೆಸ್ದಂಗಾಯ್ತದೆ. ಒತ್ತಿದ್ನೋ ಇಲ್ವೋ ಅಂತ ನಂಗೇ ಗೊತ್ತಾಗಾಕಿಲ್ಲ" ಎಂದು ವಾಪಸು ಕೊಟ್ಟಿದ್ದರು.

ಆಕೆಯ ಆ ದೂರೇ ನಮ್ಮ ಇಡೀ ವಿಭಾಗದ ಕಸುಬು. ಗಾಜನ್ನು ಮುಟ್ಟಿದ ತಕ್ಷಣ ಒಳಗಿರುವ ಪುಟ್ಟ ಮೋಟರು ಚೂರೇ ಚೂರು ಅದುರಬೇಕು, ಬೆರಳಿಗೆ ಒಂದು ಗುಂಡಿ ಒತ್ತಿದ ಹಾಗೆ ಭ್ರಮೆಯಾಗಬೇಕು. ಇಲ್ಲದ ಗುಂಡಿಯನ್ನು ಇದೆ ಎಂದು ನಂಬಿಸುವುದು. ಯಾವುದನ್ನೂ ನಂಬಬಾರದೆಂದು ಕಲಿತುಬಂದವನಿಗೆ ಈ ಉದ್ಯೋಗ ಸಿಕ್ಕಿತು.

ಎಷ್ಟು ಅದುರಬೇಕು, ಎಷ್ಟು ಹೊತ್ತು ಅದುರಬೇಕು ಎನ್ನುವಲ್ಲಿ ಎರಡು ಪಕ್ಷಗಳಿದ್ದವು. ಮೊದಲನೆಯದು ನಮ್ಮ ಮುಖ್ಯಸ್ಥರಾದ ಪ್ರಭಾಕರ್ ಅವರದು. "ಕೈಗೆ ತಗೊಂಡೋನಿಗೆ ಅಲ್ಲಾಡಿದ್ದು ಗೊತ್ತಾಗ್ಬೇಕು ಕಣ್ರೀ. ಗೊತ್ತಾಗದ ಹಾಗೆ ಯಾತಕ್ಕೆ ಅಲ್ಲಾಡ್ಸೋದು?" ಎಂಬುದು ಅವರ ಸಿದ್ಧಾಂತ. ಅವರು ತಯಾರಿಸಿದ ನಡುಕವನ್ನು ಹಾಕಿದ ಫೋನನ್ನು ಮೇಜಿನ ಮೇಲಿಟ್ಟು ಮುಟ್ಟಿದರೆ ಅದು ಗುರ್ರೆಂದು ನಾಲ್ಕು ಬೆರಳು ದೂರ ತಾನೇ ನಡೆದುಹೋಗುತ್ತಿತ್ತು. ಎರಡನೆಯ ಪಕ್ಷದಲ್ಲಿ ಇದ್ದದ್ದು ಶಶಿಕಲಾ ಒಬ್ಬಳೇ. ನಮ್ಮಲ್ಲೆಲ್ಲ ಕಿರಿಯ ಇಂಜಿನಿಯರು. ಏಳು ತಿಂಗಳಿಂದ ಆಕೆ ಹಳೆಯ ಟಾರ್ಚು, ಟೇಪ್‌ರೆಕಾರ್ಡರು, ಬಾಲ್‌ಪೆನ್ನು, ರವಿಕೆಯ ಪ್ರೆಸ್‌ಬಟನ್ನು, ಹೀಗೆ ಟಿಕ್ ಅನ್ನುವುದನ್ನೆಲ್ಲ ಗುಡ್ಡೆ ಹಾಕಿಕೊಂಡು ಒತ್ತುತ್ತಾ ಕೂತಿದ್ದಳು. ಒತ್ತಿದಾಗ ಬೆರಳಿಗೆ ನಿಜವಾಗಿ ಏನಾಗುತ್ತದೆ ಎಂದು ಅಳೆದು ಅಳೆದು, ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದೊಂದು ನಡುಕ ತಯಾರು ಮಾಡಿದ್ದಳು. ಪ್ರಭಾಕರ್ ಅದನ್ನು ಮುಟ್ಟಿ ನೋಡಿ, "ಇರುವೆ ಸೀನಿದ ಹಾಗಿದೆಯಲ್ಲಮ್ಮಾ" ಅಂದಿದ್ದರು. ಶಶಿಕಲಾ ನಕ್ಕಿದ್ದಳು. ಆ ನಗುವಿನ ಹಿಂದೆ ಏನಿತ್ತೆಂದು ತಿಳಿಯಲು ಮನಃಶಾಸ್ತ್ರ ಓದಬೇಕಾಗಿರಲಿಲ್ಲ.

ಇವೆರಡರ ನಡುವಿನ ಪ್ರಮಾಣದವು ಇನ್ನೆರಡು ಇದ್ದವು. ಒಟ್ಟು ನಾಲ್ಕು. ಜನರಿಗೆ ಯಾವುದು ಇಷ್ಟವೋ ಅದನ್ನು ಫೋನು ತಯಾರಿಸುವವರಿಗೆ ಕಳಿಸುವುದು ಎಂದು ತೀರ್ಮಾನವಾಯಿತು. ಪರೀಕ್ಷೆ ನನ್ನ ಪಾಲಿಗೆ ಬಂತು. ನಾನು ಮೊದಲು ಮಾಡಿದ್ದು ಐದನೆಯದೊಂದನ್ನು ಸೇರಿಸಿದ್ದು. ಅದರಲ್ಲಿ ನಡುಕವೇ ಇಲ್ಲ, ಮುಟ್ಟಿದರೆ ಟಿಕ್ ಎಂದು ಸದ್ದು ಮಾತ್ರ. ಜನ ಕಿವಿಯಿಂದ ಕೇಳಿದ್ದನ್ನೇ ಬೆರಳಿಗೆ ಆಯಿತು ಎಂದು ತಿಳಿಯುತ್ತಾರೆ, ಅಂಥವರನ್ನು ಹಿಡಿಯಬೇಕು ಎಂದು ಸಭೆಯಲ್ಲಿ ವಿವರಿಸಿದೆ. ಮನುಷ್ಯನ ಇಂದ್ರಿಯಗಳು ಅವನನ್ನು ಹೇಗೆ ಮೋಸ ಮಾಡುತ್ತವೆ ಎಂಬುದರ ಬಗ್ಗೆ ಸುಮಾರು ಅರ್ಧ ಗಂಟೆ ಮಾತಾಡಿದೆ. ಪ್ರಭಾಕರ್ ಎರಡು ಸಲ ಗಡಿಯಾರ ನೋಡಿದರು.

ಎರಡನೆಯದಾಗಿ, ಯಾವ ಫೋನಿನಲ್ಲಿ ಯಾವ ನಡುಕವಿದೆ ಎಂದು ಯಾರಿಗೂ ಗೊತ್ತಾಗಕೂಡದು ಅಂದೆ. ಗೊತ್ತಾದರೆ ಪ್ರಭಾಕರ್ ತಮ್ಮ ಫೋನನ್ನು ಜನರ ಕೈಗೆ ಕೊಡುವಾಗ ಹುಬ್ಬು ಕುಣಿಸುತ್ತಾರೆ, ಶಶಿಕಲಾ ತನ್ನದನ್ನು ಕೊಡುವಾಗ ಉಸಿರು ಬಿಗಿ ಹಿಡಿಯುತ್ತಾಳೆ. ಐದೂ ಒಂದೇ ಬಣ್ಣದ ಫೋನು. ಒಬ್ಬನೇ ಕೂತು ಐದಕ್ಕೂ ಐದು ಬಗೆ ತುಂಬಿದೆ. ಕಡತಗಳ ಹೆಸರು ಅಳಿಸಿದೆ. ಹಿಂಬದಿಗೆ ಕ, ಚ, ಟ, ತ, ಪ ಎಂದು ಚೀಟಿ ಅಂಟಿಸಿದೆ. ಯಾವ ಅಕ್ಷರ ಯಾವುದು ಎಂಬುದನ್ನು ಎಲ್ಲಿಯೂ ಬರೆದಿಡಲಿಲ್ಲ. "ಎಲ್ಲಾದ್ರೂ ಬರ್ದಿಡಿ ಸರ್" ಎಂದು ಶಶಿಕಲಾ ಹೇಳಿದಳು. ಬರೆದಿಟ್ಟರೆ ಯಾರಾದರೂ ನೋಡುತ್ತಾರೆ, ನನ್ನ ತಲೆಯೊಳಗೆ ಯಾರೂ ಇಣುಕಲಾರರು ಎಂದೆ. ನಾನೂ ಇಣುಕಲಾರೆ ಎಂಬುದು ಆಗ ಹೊಳೆಯಲಿಲ್ಲ. ನೆನಪಿಡುವುದಕ್ಕೆ ಒಂದು ಸೂತ್ರ ಮಾಡಿಕೊಂಡಿದ್ದೆ. ಬಹಳ ಚೆಂದದ ಸೂತ್ರ. ಮಾಡಿಕೊಂಡ ಮೇಲೆ ಎಷ್ಟು ಸೊಗಸಾಗಿದೆ ಎಂದು ನನಗೆ ನಾನೇ ತಲೆದೂಗಿದ್ದು ಇವತ್ತಿಗೂ ನೆನಪಿದೆ. ಸೂತ್ರ ನೆನಪಿಲ್ಲ.

ಒಂದು ಶನಿವಾರ ಹತ್ತು ಜನ ಬಂದರು. ಇಂಗ್ಲಿಷಿನಲ್ಲಿದ್ದ ನಮ್ಮ ನಮೂನೆಯಲ್ಲಿ ಮೃದು, ತೀಕ್ಷ್ಣ, ಹಿತಕರ ಎಂಬ ಅರ್ಥದ ಮೂರು ಪದಗಳಿದ್ದವು. ಕನ್ನಡದಲ್ಲಿ ಬೆರಳಿಗೆ ಆಗುವುದನ್ನು ಹೇಳಲು ಬರೀ ಮೂರು ಪದ ಕೊಟ್ಟರೆ ಯಾರು ಒಪ್ಪುತ್ತಾರೆ? ನಾನು ಆ ಜಾಗ ಖಾಲಿ ಬಿಟ್ಟು, ನಿಮಗೆ ಅನ್ನಿಸಿದ್ದನ್ನು ಬರೆಯಿರಿ, ಇಷ್ಟವಾದ ಕ್ರಮದಲ್ಲಿ ಸ್ಥಾನವನ್ನೂ ಹಾಕಿ ಅಂದೆ. ಅವರಿಗೆ ಅನ್ನಿಸಿದ್ದಕ್ಕೆ ಲೆಕ್ಕವೇ ಇರಲಿಲ್ಲ. ಜೋಮು ಹಿಡಿದ ಕಾಲು ಎಂದು ಒಬ್ಬರು, ಜೀರುಂಡೆಯನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಎಂದು ಇನ್ನೊಬ್ಬರು, ಗ್ರೈಂಡರಿನ ಮೇಲೆ ಕೈ ಊರಿದಂತೆ ಎಂದು ಮತ್ತೊಬ್ಬರು. ಸರ್ಜಾಪುರದ ಕಡೆಯಿಂದ ಬಂದಿದ್ದ ಒಬ್ಬ ಹೆಂಗಸು ಟ ಎಂಬ ಫೋನನ್ನು ಒತ್ತಿ ಒತ್ತಿ ನೋಡಿ ಮುಖ ಅರಳಿಸಿ, "ನೆನೆಸಿದ ಅವರೇಕಾಳು ಇದುಕಿದ್ರೆ ಪುಳಕ್ ಅಂತ ಆಚೆ ಬರ್ತದಲ್ಲ, ಅಂಗೈತೆ. ಇನ್ನೊಂದ್ ದಪ ಒತ್ಲಾ?" ಎಂದು ಕೇಳಿದರು. ಅವರ ಮಾತು ಕೇಳಿದ ಮೇಲೆ ನಮಗೆಲ್ಲ ಹಸಿವಾಯಿತು.

ಪೀಣ್ಯದಿಂದ ಹನುಮಂತರಾಯಪ್ಪ ಎಂಬ ಟರ್ನರ್ ಬಂದಿದ್ದರು. ಇಪ್ಪತ್ತೆರಡು ವರ್ಷದಿಂದ ಲೇತ್ ಯಂತ್ರದ ಮುಂದೆ ನಿಂತವರು, ತಂಗಿಯ ಮನೆಗೆಂದು ವೈಟ್‌ಫೀಲ್ಡಿಗೆ ಬಂದವರನ್ನು ಅವರ ಭಾವ ನಮ್ಮ ಬಳಿಗೆ ಕಳಿಸಿದ್ದರು. ಅವರು ಫೋನನ್ನು ಎಲ್ಲರಂತೆ ನೋಡಲಿಲ್ಲ. ಕಣ್ಣು ಕಿಟಕಿಯ ಕಡೆಗೆ, ಹೆಬ್ಬೆರಳು ಗಾಜಿನ ಮೇಲೆ. ಒಂದೊಂದಕ್ಕೂ ಒಂದೇ ಸಲ ಒತ್ತಿ, ಬರೆದು, ಎದ್ದುಹೋದರು. ಹೋಗುವಾಗ, "ಪೀಣ್ಯ ಎರಡನೇ ಹಂತದಲ್ಲಿ ಯಾರನ್ನ ಬೇಕಾದ್ರೂ ಕೇಳಿ ಸಾರ್, ನಮ್ಮ ವರ್ಕ್‌ಶಾಪ್ ತೋರಿಸ್ತಾರೆ" ಎಂದು ಕರೆದರು. ಹಾಳೆಯ ಮೇಲೆ ಯಾರ ಹೆಸರನ್ನೂ ಬರೆಸಕೂಡದು ಎಂಬುದು ನನ್ನದೇ ಇನ್ನೊಂದು ನಿಯಮವಾದ್ದರಿಂದ ಹತ್ತೂ ಜನರ ಹಾಳೆಗಳು ಅನಾಥವಾಗಿ ನನ್ನ ಕಪಾಟು ಸೇರಿದವು. ಆ ಐದು ಫೋನುಗಳು ಬೇರೆ ತಂಡದಿಂದ ಎರವಲು ತಂದವು. ಅವರು ಸೋಮವಾರ ಬೆಳಗ್ಗೆ ಒಯ್ದು, ಒಳಗಿದ್ದುದನ್ನೆಲ್ಲ ಒರೆಸಿ, ತಮ್ಮದನ್ನು ತುಂಬಿಕೊಂಡರು.

ಮೂರು ವಾರ ಬೇರೆ ಕೆಲಸಗಳಲ್ಲಿ ಕಳೆಯಿತು. ಒಂದು ಸೋಮವಾರ ಪ್ರಭಾಕರ್ ಬಂದು, "ಗುರುವಾರ ಕೊನೇ ತೀರ್ಮಾನ ಕಣ್ರೀ. ನಿಮ್ಮ ಫಲಿತಾಂಶ ತನ್ನಿ. ಸ್ಪಷ್ಟವಾಗಿಲ್ದಿದ್ರೆ ತಲೆ ಕೆಡಿಸ್ಕೋಬೇಡಿ, ನಂದೇ ಕಳಿಸ್ಬಿಡೋಣ" ಅಂದರು. ನಾನು ಹಾಳೆಗಳನ್ನು ಹರವಿಕೊಂಡು ಕೂತೆ. ಇಷ್ಟು ಸ್ಪಷ್ಟವಾದ ಫಲಿತಾಂಶವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಹತ್ತರಲ್ಲಿ ಎಂಟು ಜನ ಟ ಎಂಬುದಕ್ಕೆ ಮೊದಲ ಸ್ಥಾನ ಕೊಟ್ಟಿದ್ದರು. ತ ಮತ್ತು ಪ ಎರಡೂ ಕೊನೆಯ ಸ್ಥಾನಕ್ಕೆ ಹೊಡೆದಾಡುತ್ತಿದ್ದವು. ಟ ಗೆದ್ದಿದೆ ಎಂದು ಖುಷಿಯಿಂದ ಎದ್ದೆ. ಬಾಗಿಲವರೆಗೆ ಹೋದವನು ನಿಂತೆ. ಟ ಅಂದರೆ ಯಾವುದು?

ಅದೊಂದು ವಿಚಿತ್ರ ಅನುಭವ. ಮೆಟ್ಟಿಲು ಇದೆ ಎಂದು ಕಾಲಿಟ್ಟರೆ ಮೆಟ್ಟಿಲೇ ಇಲ್ಲದ ಹಾಗೆ. ನೀರು ಕುಡಿದೆ. ಮುಖ ತೊಳೆದೆ. ಅಂದು ಕೂತಿದ್ದ ಕುರ್ಚಿಯಲ್ಲೇ ಕೂತರೆ ಬರಬಹುದೆಂದು ಆ ಕುರ್ಚಿ ಹುಡುಕಿದೆ, ಯಾವ ಕುರ್ಚಿ ಎಂದು ನೆನಪಾಗಲಿಲ್ಲ. ಸಂಜೆ ಮನೆಯಲ್ಲಿ ವಸುಧಾಗೆ ಹೇಳಿಕೊಂಡೆ. ಅವಳು ಪಾಪ, ಸಹಾಯಕ್ಕೇ ಬಂದಳು.

"ಯಾವ ಥರದ ಸೂತ್ರ ರೀ ಅದು? ತಿಂಡಿದಾ?"

"ಇರಬಹುದು. ಕ ಅಂದ್ರೆ ಕಡುಬು, ಚ ಅಂದ್ರೆ ಚಕ್ಕುಲಿ ಅಂತ ಏನೋ..."

"ಟ-ಗೆ ಯಾವ ತಿಂಡಿ ಇದೆ? ಟೊಮೇಟೊ ಬಾತು ಒಂದೇ. ನೀವು ಅದನ್ನ ತಿನ್ನೋದೇ ಇಲ್ಲ. ತಿಂಡಿ ಅಲ್ಲ ಬಿಡಿ. ನೆಂಟರ ಹೆಸರಾ?"

ನೆಂಟರ ಹೆಸರುಗಳು ನನಗೆ ಮೊದಲೇ ನೆನಪಿರುವುದಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದು ಆ ದಾರಿ ಕೈಬಿಟ್ಟೆವು. "ಗೆದ್ದಿರೋದು ಆ ಹುಡುಗೀದೇ ಇರುತ್ತೆ, ಹಾಗೇ ಹೇಳಿಬಿಡಿ" ಎಂದಳು ವಸುಧಾ. ನನಗೂ ಹಾಗೇ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನೇ ಹೇಳುವುದಾದರೆ ಹತ್ತು ಜನರನ್ನು ಕೂರಿಸಿ ಪರೀಕ್ಷೆ ಯಾಕೆ ಮಾಡಬೇಕಿತ್ತು? ಪ್ರಭಾಕರ್ ಅವರಿಗೆ ತಮ್ಮದೇ ಗೆದ್ದಿದೆ ಎಂದು ಅನ್ನಿಸಬಹುದಲ್ಲ?

ಮಂಗಳವಾರ ಬೆಳಗ್ಗೆ ಶಶಿಕಲಾಗೆ ಹೇಳಿದೆ. ಹೇಳಲೇಬೇಕಿತ್ತು, ಅವಳ ಏಳು ತಿಂಗಳು ನನ್ನ ತಲೆಯೊಳಗೆ ಎಲ್ಲೋ ಬಿದ್ದುಹೋಗಿತ್ತು. ಅವಳು ಬಾಲ್‌ಪೆನ್ನನ್ನು ಟಿಕ್ ಟಿಕ್ ಎನ್ನಿಸುತ್ತಾ ಕೇಳುತ್ತಿದ್ದಳು. ಟಿಕ್ ನಿಂತಿತು.

"ತಮಾಷೆ ತಾನೇ ಸರ್?"

"ಅಲ್ಲಮ್ಮಾ."

"ಸರ್, ಬರ್ದಿಡಿ ಅಂತ ನಾನು..."

"ಹೇಳಿದ್ದೆ. ಅದು ನೆನಪಿದೆ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಬೈಯಲಿಲ್ಲ. ಸುಮ್ಮನೆ ಹೋಗಿ, ಆ ತಂಡದವರ ಕಾಲು ಕೈ ಹಿಡಿದು ಐದು ಫೋನು ವಾಪಸು ತಂದು, ತನ್ನ ಕಂಪ್ಯೂಟರಿನಲ್ಲಿದ್ದ ಐದೂ ಬಗೆಗಳನ್ನು ಮತ್ತೆ ತುಂಬಿ, ಒಂದರಿಂದ ಐದರವರೆಗೆ ಅಂಕೆ ಹಾಕಿ ನನ್ನ ಮುಂದಿಟ್ಟಳು. "ಮುಟ್ಟಿ ನೋಡಿ ಸರ್, ಏನಾದ್ರೂ ನೆನಪಾಗತ್ತಾ" ಅಂದಳು. ಕಣ್ಣು ಮುಚ್ಚಿ ಒಂದೊಂದನ್ನೂ ಹತ್ತು ಸಲ ಒತ್ತಿದೆ. ಏನೂ ನೆನಪಾಗಲಿಲ್ಲ. ಐದೂ ಅಲ್ಲಾಡುತ್ತಿವೆ, ಅಷ್ಟು ಮಾತ್ರ ಹೇಳಬಲ್ಲೆ ಅಂದೆ.

"ಐದೂನಾ ಸರ್?" ಅಂದಳು ಶಶಿಕಲಾ. ದನಿಯಲ್ಲಿ ಏನೋ ಇತ್ತು. ಅದನ್ನೆಲ್ಲ ವಿಚಾರಿಸುವ ಹೊತ್ತು ಅದಲ್ಲ ಎಂದು ಬಿಟ್ಟೆ.

ಸಂಜೆ ಮಹಡಿಯ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದೆ. ಮುನಿರತ್ನಮ್ಮನವರು ಒಣಗಿದ ಬಟ್ಟೆ ತೆಗೆಯಲು ಬಂದರು. ನಮ್ಮ ಬಾಡಿಗೆಮನೆ ನಿಂತಿರುವ ಜಾಗದಲ್ಲಿ ಹಿಂದೆ ಅವರು ರಾಗಿ ಬೆಳೆದಿದ್ದರಂತೆ. ಈಗ ಆರು ಮನೆಗಳ ಬಾಡಿಗೆದಾರರನ್ನು ಅದೇ ನಿಗಾದಿಂದ ನೋಡಿಕೊಳ್ಳುತ್ತಾರೆ.

"ಏನ್ ಮೇಷ್ಟ್ರೇ, ಇಂಗ್ ಸುತ್ತಾಕ್ತಿದೀರಾ? ಏನ್ ಕಳ್ಕಂಡ್ರಿ?"

"ಒಂದು ವಿಷಯ ಮರ್ತುಹೋಗಿದೆ ಅಮ್ಮಾ."

"ಎಲ್ಲಿಟ್ಟಿದ್ರಿ?"

"ತಲೇಲಿ."

"ಅಲ್ಯಾಕ್ ಇಟ್ರಿ?" ಎಂದು ಅವರು ನಿಜವಾಗಿಯೇ ಆಶ್ಚರ್ಯಪಟ್ಟು ಕೇಳಿದರು.

ಅಷ್ಟರಲ್ಲಿ ಕೆಳಗೆ ಯಾರೋ ಬೋರ್‌ವೆಲ್ಲಿನ ಮೋಟರು ಹಾಕಿದರು. ಮುನಿರತ್ನಮ್ಮನವರು ಮಾತಾಡುತ್ತಲೇ ಟ್ಯಾಂಕಿಗೆ ಹತ್ತುವ ಪೈಪಿನ ಮೇಲೆ ಅಂಗೈ ಇಟ್ಟರು. "ಗಾಳಿ... ಇನ್ನೂ ಗಾಳಿ... ಆಂ, ಈಗ ನೀರ್ ಬಂತು" ಅಂದರು. ನಾನು ಓಡಿಹೋಗಿ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿದೆ. ನೀರು ಬೀಳುತ್ತಿತ್ತು. ಮೊದಲೇ ಬೀಳುತ್ತಿತ್ತೇನೋ ಎಂದು ಅನುಮಾನ ಬಂದು ಮುಖ ನೋಡಿದರೆ, ಅವರಿಗೆ ಅರ್ಥವಾಗಿ ನಗು ಬಂತು. "ಅದು ಗಾಳಿಯೋ ನೀರೋ ಅಂತ ನಂಗೇನ್ ಗೊತ್ತು ಮೇಷ್ಟ್ರೇ? ಕೈ ಇಟ್ರೆ ಕೈ ಯೋಳ್ತದೆ. ಓದ್ ವರ್ಷ ಮೋಟ್ರು ಕೆಟ್ಟಾಗ ಎಂಗ್ ಅದುರ್ತಿತ್ತು ಅಂತ ಈಗ್ ಕೇಳಿದ್ರೂ ಯೋಳ್ತದೆ." ಬಟ್ಟೆ ಹೆಗಲಿಗೆ ಹಾಕಿಕೊಂಡು ಇಳಿದುಹೋದರು.

ಮಹಡಿಯ ಮೇಲೆ ಒಬ್ಬನೇ ನಿಂತಿದ್ದವನಿಗೆ ಥಟ್ಟನೆ ಹನುಮಂತರಾಯಪ್ಪ ನೆನಪಾದರು. ಹಾಳೆಗಳಲ್ಲಿ ಹೆಸರಿಲ್ಲ, ನಿಜ. ಆದರೆ ಒಂದು ಹಾಳೆಯನ್ನು ಬೇರೆ ಯಾರೂ ಬರೆದಿರಲು ಸಾಧ್ಯವಿರಲಿಲ್ಲ. ಅದರಲ್ಲಿ ಹೀಗಿತ್ತು: ಕ, ಬೇರಿಂಗ್ ಒಣಗಿದೆ. ಚ, ಬೆಲ್ಟ್ ಜಾರುತ್ತಿದೆ. ಟ, ನಟ್ಟು ಸರಿಯಾಗಿ ಕೂತಿತು. ಪ, ಚಕ್ (ಲೇತಿನಲ್ಲಿ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿಯುವ ಭಾಗ) ಅದುರುತ್ತಿದೆ. ತ ಎಂಬುದರ ಮುಂದೆ ಏನನ್ನೂ ಬರೆಯದೆ ಬಿಟ್ಟಿದ್ದರು. ಪರೀಕ್ಷೆಯನ್ನು ಗಂಭೀರವಾಗಿ ತೆಗೆದುಕೊಳ್ಳದೆ ಒಂದನ್ನು ಮರೆತಿದ್ದಾರೆ ಎಂದು ನಾನು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಟಿಪ್ಪಣಿ ಹಾಕಿದ್ದೆ. ಈಗ ಆ ಐದು ಫೋನುಗಳನ್ನು ಮತ್ತೆ ಅವರ ಕೈಗೆ ಕೊಟ್ಟು, ಯಾವುದಕ್ಕೆ ನಟ್ಟು ಕೂತಿತು ಅನ್ನುತ್ತಾರೋ ಕೇಳಿದರಾಯಿತು. ಮೂರು ವಾರದ ಹಿಂದಿನ ನಡುಕವನ್ನು ಒಂದು ಹೆಬ್ಬೆರಳು ನೆನಪಿಟ್ಟುಕೊಂಡಿರುತ್ತದೆಯೇ? ನಾನಂತೂ ನಂಬಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

ಬುಧವಾರ ಶಶಿಕಲಾಳೊಂದಿಗೆ ಪೀಣ್ಯಕ್ಕೆ ಹೊರಟೆ. ವೈಟ್‌ಫೀಲ್ಡಿನಿಂದ ಪೀಣ್ಯಕ್ಕೆ ಹೋಗುವುದೆಂದರೆ ಊರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಊಟದ ಡಬ್ಬಿ ಕಟ್ಟಿಕೊಂಡು ಹೋಗುವ ಪ್ರಯಾಣ. ನನ್ನ ಡಬ್ಬಿಯ ಚೀಲದಲ್ಲಿ ಐದು ಫೋನು ಇದ್ದವು. ಕೇಳಿ ಕೇಳಿ ವರ್ಕ್‌ಶಾಪಿನ ಬೀದಿ ಸಿಕ್ಕಿದ ಮೇಲೆ, "ನೀನು ಒಳಗೆ ಬರಕೂಡದು" ಎಂದೆ. ಯಾವ ಅಂಕೆಯಲ್ಲಿ ಯಾವುದಿದೆ ಎಂದು ಅವಳಿಗೆ ಗೊತ್ತಿತ್ತು. ಸರಿಯಾದುದನ್ನು ಮುಟ್ಟಿದಾಗ ಅವಳ ಮುಖ ಹೇಳಿಬಿಡುತ್ತದೆ. ಎದುರಿನ ಟೀ ಅಂಗಡಿಯಲ್ಲಿ, ವರ್ಕ್‌ಶಾಪಿನ ಕಡೆಗೆ ಬೆನ್ನು ಮಾಡಿ ನಿಲ್ಲಿಸಿದೆ. "ಸರ್, ಇದು ನನ್ನ ಜೀವನದ ಪ್ರಶ್ನೆ, ನಾನೇ ಬೆನ್ನು ಹಾಕಿ ನಿಲ್ಬೇಕಾ?" ಅಂದಳು. ವಿಜ್ಞಾನ ಹಾಗೇ ಎಂದೆ. ಅವಳು ವಿಜ್ಞಾನದ ಬಗ್ಗೆ ಹಲ್ಲು ಕಚ್ಚಿಕೊಂಡು ಏನೋ ಅಂದಳು, ಲಾರಿಯ ಸದ್ದಿನಲ್ಲಿ ಕೇಳಿಸಲಿಲ್ಲ.

ಒಳಗೆ ಆರೇಳು ಯಂತ್ರಗಳು ಒಟ್ಟಿಗೆ ಕಿರುಚುತ್ತಿದ್ದವು. ಹನುಮಂತರಾಯಪ್ಪ ನನ್ನನ್ನು ಗುರುತಿಸಿ, ಕೈ ಒರೆಸಿಕೊಂಡು ಬಂದರು. ವಿಷಯ ಹೇಳಿದೆ. ಮರೆತೆ ಎಂದು ಹೇಳಲು ನಾಚಿಕೆಯಾಗಿ, "ಇನ್ನೊಮ್ಮೆ ಖಾತರಿ ಮಾಡ್ಕೋಬೇಕು" ಅಂದೆ. ಅವರು ಹೆಬ್ಬೆರಳನ್ನು ಪ್ಯಾಂಟಿಗೆ ಉಜ್ಜಿಕೊಂಡು ಬಾಗಿಲ ಹೊರಗೆ ನೋಡುತ್ತಾ ಮೊದಲನೆಯದನ್ನು ಒತ್ತಿದರು.

"ಇದು ಬೆಲ್ಟ್ ಜಾರ್ತಾ ಐತೆ."

ಹಾಳೆ ನನ್ನ ಜೇಬಿನಲ್ಲಿತ್ತು, ಅವರಿಗೆ ತೋರಿಸಿರಲಿಲ್ಲ. ಎರಡನೆಯದು.

"ಇದು ಆ ಚಕ್ ಅದುರೋದು. ಇದನ್ನ ಮಾಡ್ದೋರು ಯಾರು ಸಾರ್? ನಮ್ಮಲ್ಲಾದ್ರೆ ಮೆಷಿನ್ ಆಫ್ ಮಾಡಿ ಓನರ್ನ ಕರೀತಿದ್ವಿ."

ಮೂರನೆಯದನ್ನು ಕೊಟ್ಟೆ. ಅವರು ಒತ್ತಿದರು. ಇನ್ನೊಮ್ಮೆ ಒತ್ತಿದರು. ಮುಖದ ಮೇಲೆ ಸಣ್ಣದೊಂದು ನೆಮ್ಮದಿ ಬಂತು. "ಇದು ನೋಡಿ. ನಟ್ಟು ಕೊನೇ ಸುತ್ತಿಗೆ ಬಂದು ಕೂತ್ಕೊಂತು ಅಂದ್ರೆ ಕೈಗೆ ಒಂದ್ ಸಮಾಧಾನ ಆಗ್ತೈತಲ್ಲ, ಅದು."

ಇಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ವಿದ್ಯೆ ಬಿಡಲಿಲ್ಲ. ಇದು ಕಾಕತಾಳೀಯವಿರಬಹುದು. ಡಬ್ಬಿಯ ಚೀಲದೊಳಗೆ ಕೈ ಹಾಕಿ, ಫೋನುಗಳನ್ನು ಆಚೀಚೆ ಮಾಡಿದಂತೆ ನಟಿಸಿ, ಮೊದಲನೆಯದನ್ನೇ ನಾಲ್ಕನೆಯದೆಂಬಂತೆ ಮತ್ತೆ ಕೊಟ್ಟೆ. ಅವರು ಒತ್ತಿ, ನನ್ನ ಮುಖವನ್ನು ಕರುಣೆಯಿಂದ ನೋಡಿದರು.

"ಇದು ಆಗ್ಲೇ ಕೊಟ್ರಲ್ಲ ಸಾರ್. ಮರ್ತೋಯ್ತಾ?"

ಜೀವನದಲ್ಲಿ ಒಂದೇ ಒಂದು ಸಲ ನಾನು ಬೇಕೆಂದು ಮಾಡಿದ್ದನ್ನೂ ಮರೆವಿನ ಲೆಕ್ಕಕ್ಕೇ ಹಾಕಿಬಿಟ್ಟರು. "ಹೌದು" ಎಂದು ಒಪ್ಪಿಕೊಂಡೆ. ನಿಜವಾದ ನಾಲ್ಕನೆಯದಕ್ಕೆ, ಬೇರಿಂಗ್ ಒಣಗಿದೆ ಅಂದರು. ಐದನೆಯದನ್ನು ಒತ್ತಿ, ತಿರುಗಿಸಿ, ವಾಪಸು ಕೊಟ್ಟರು.

"ಇದಕ್ಕೆ ಏನೂ ಹೇಳಲಿಲ್ಲ ನೀವು. ಅವತ್ತೂ ಬರೀಲಿಲ್ಲ."

"ಇದ್ರಲ್ಲಿ ಏನೂ ಇಲ್ವಲ್ಲ ಸಾರ್. ಏನೂ ಇಲ್ದಿದ್ದಕ್ಕೆ ಏನಂತ ಬರೀಲಿ?"

ಹೊರಗೆ ಬಂದು ಶಶಿಕಲಾಳ ಬೆನ್ನಿಗೆ, "ಮೂರು" ಎಂದೆ. ಅವಳು ತಿರುಗಲಿಲ್ಲ. ಟೀ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಅಂಗಡಿಯ ಕಟ್ಟೆಯ ಮೇಲಿಟ್ಟಳು. ಆಮೇಲೆ, "ನಂದೇ ಸರ್" ಎಂದಳು. ಅವಳ ದನಿ ಹೇಗಿತ್ತೆಂದರೆ, ಅದನ್ನು ಮರೆಯುವುದು ನನ್ನಂಥವನಿಗೂ ಕಷ್ಟ.

ಗುರುವಾರ ಸಭೆಯಲ್ಲಿ ನಾನು ಏನನ್ನೂ ಮುಚ್ಚಿಡಲಿಲ್ಲ. ಸೂತ್ರ ಮಾಡಿದ್ದು, ಮರೆತದ್ದು, ಪೀಣ್ಯಕ್ಕೆ ಹೋದದ್ದು ಎಲ್ಲ ಹೇಳಿದೆ. ಪ್ರಭಾಕರ್ ಮೊದಲು ದಂಗಾದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ತಲೆಗಿಂತ ಆ ಮನುಷ್ಯನ ಹೆಬ್ಬೆರಳು ವಾಸಿ ಕಣ್ರೀ. ಅವರನ್ನೇ ಕೆಲಸಕ್ಕೆ ತಗೋಬೇಕಿತ್ತು" ಎಂದರು. ಅವರದು ಪ ಎಂದು, ಅದಕ್ಕೆ ಚಕ್ ಅದುರುತ್ತಿದೆ ಎಂಬ ಅಭಿಪ್ರಾಯ ಬಂದಿದೆ ಎಂದು ತಿಳಿದಾಗ ನಗು ಸ್ವಲ್ಪ ಕಡಿಮೆಯಾಯಿತು. ಏನೂ ಇಲ್ಲದ ತ-ಗಿಂತಲೂ ಕೆಳಗೆ ತಮ್ಮದನ್ನು ಹಾಕಿದವರು ನಾಲ್ಕು ಜನ ಎಂದು ತಿಳಿದಾಗ ನಗು ಪೂರ್ತಿ ನಿಂತಿತು. ಆದರೂ ದೊಡ್ಡ ಮನುಷ್ಯರು. "ಹತ್ತರಲ್ಲಿ ಎಂಟು ಜನ ಹೇಳಿದ್ಮೇಲೆ ಇನ್ನೇನಿದೆ? ಶಶಿಕಲಾಂದೇ ಕಳ್ಸಿ" ಎಂದು ಹಾಳೆಗಳ ಕಟ್ಟನ್ನು ಎಳೆದುಕೊಂಡು, ಸೋತವನ ಆಸಕ್ತಿಯಿಂದ ಒಂದೊಂದಾಗಿ ಮಗುಚತೊಡಗಿದರು.

"ಹತ್ತು ಜನ ಅಂದ್ರಲ್ರೀ. ಇಲ್ಲಿ ಹನ್ನೊಂದು ಹಾಳೆ ಇದೆ."

ಓದುಗರಲ್ಲಿ ಕ್ಷಮೆ ಕೇಳಿ ಹೇಳುತ್ತೇನೆ. ಆ ಶನಿವಾರ ಎಲ್ಲರೂ ಹೋದ ಮೇಲೆ, ಒಬ್ಬನೇ ಇದ್ದಾಗ, ನಾನೂ ಒಂದು ಹಾಳೆ ತುಂಬಿದ್ದೆ. ಫೋನುಗಳನ್ನು ಕಲಸಿ, ಕಣ್ಣು ಮುಚ್ಚಿ, ಬಹಳ ಶ್ರದ್ಧೆಯಿಂದ. ತುಂಬಿ ಮುಗಿಸಿ ಅಕ್ಷರ ನೋಡಿದರೆ ಯಾವುದು ಯಾವುದೆಂದು ಆಗಲೇ ಸರಿಯಾಗಿ ತೋಚಿರಲಿಲ್ಲ. ಅದನ್ನು ನಾನು ನನ್ನ ನಿಷ್ಪಕ್ಷಪಾತ ಬುದ್ಧಿ ಎಂದುಕೊಂಡು ಸಂತೋಷಪಟ್ಟಿದ್ದೆ. ಸುಮ್ಮನೆ ಕಟ್ಟಿನ ಅಡಿಯಲ್ಲಿ ಸೇರಿಸಿದ್ದೆ, ಲೆಕ್ಕಕ್ಕೆ ಮಾತ್ರ ಹಿಡಿದಿರಲಿಲ್ಲ.

"ಇದ್ಯಾರೋ ಮಹಾನುಭಾವರು ತ-ಗೆ ಮೊದಲನೇ ಸ್ಥಾನ ಕೊಟ್ಟಿದ್ದಾರೆ!" ಪ್ರಭಾಕರ್ ಅವರ ನಗು ವಾಪಸು ಬಂದಿತ್ತು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಿದರು. "ಅತ್ಯಂತ ಸೂಕ್ಷ್ಮವಾದ, ಸಂಯಮದ ನಡುಕ. ಸಾಮಾನ್ಯರಿಗೆ ತಿಳಿಯಲಿಕ್ಕಿಲ್ಲ. ಪಳಗಿದ ಬೆರಳಿಗೆ ಮಾತ್ರ ದಕ್ಕುವಂಥದ್ದು." ಇಡೀ ಕೋಣೆ ನಕ್ಕಿತು. ಶಶಿಕಲಾ ಹಾಳೆಯನ್ನು ಬಗ್ಗಿ ನೋಡಿದಳು. ಏಳು ತಿಂಗಳು ನನ್ನ ಕೈಬರಹದ ಟಿಪ್ಪಣಿಗಳನ್ನು ಓದಿದವಳು. ನನ್ನ ಕಡೆ ಒಮ್ಮೆ ನೋಡಿ, ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿಬಿಟ್ಟಳು.

"ಯಾರ್ರೀ ಇವರು?" ಎಂದು ಪ್ರಭಾಕರ್ ನನ್ನನ್ನು ಕೇಳಿದರು.

ಆ ಇಡೀ ತಿಂಗಳಲ್ಲಿ ನನಗೆ ಚಾಚೂ ತಪ್ಪದೆ ನೆನಪಿದ್ದ ಸಂಗತಿ ಅದೊಂದೇ.

"ನೆನಪಿಲ್ಲ ಸರ್" ಅಂದೆ.

ಆ ಕಂಪನಿಯಲ್ಲಿ ಇದ್ದಷ್ಟು ವರ್ಷವೂ ನಾನು ಹೇಳಿದ ಮಾತನ್ನು ಯಾರೂ ಪುರಾವೆ ಕೇಳದೆ ಒಪ್ಪಿಕೊಂಡದ್ದು ಅದೊಂದು ಸಲ ಮಾತ್ರ.